ಮೂರನೇ ಬೋಲ್ಟು

ಲೋಹ ಕೂಗಬಾರದು, ಗೊರಕೆ ಹೊಡೆಯಬೇಕು. ಹನ್ನೊಂದು ವರ್ಷದ ಹಿಂದೆ ಸೋಮಯ್ಯ ಚೇತನ್‌ಕುಮಾರನಿಗೆ ಕಲಿಸಿದ ಮೊದಲ ಪಾಠ ಅದು. ಡ್ರಿಲ್ ಕಿರುಚಿದರೆ ಅದಕ್ಕೆ ಬಾಯಾರಿದೆ ಎಂದರ್ಥ, ಎಣ್ಣೆ ಕೊಡು. ಗೊರ್ ಎಂದು ದಪ್ಪ ದನಿಯಲ್ಲಿ ಇಳಿಯುತ್ತಿದ್ದರೆ ಕೈ ಬದಲಿಸಬೇಡ. ಸೋಮಯ್ಯನ ಎರಡೂ ಕಣ್ಣು ಸಕ್ಕರೆ ಕಾಯಿಲೆಯಲ್ಲಿ ಮಂಜಾಗಿ ಮೂರು ವರ್ಷವಾಗಿತ್ತು. ಆದರೂ ಗೋಣಿಕೊಪ್ಪಲಿನ ತನ್ನ ವರ್ಕ್‌ಶಾಪಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು, ಒಳಗೆ ಯಾರ ಕೈಯಲ್ಲಿ ಯಾವ ಲೋಹ ಹೇಗೆ ಕತ್ತರಿಸುತ್ತಿದೆ ಎಂದು ಕಿವಿಯಿಂದಲೇ ನೋಡುತ್ತಿದ್ದ.

ಒಂದೇ ಎಣ್ಣೆ ಎಲ್ಲ ಲೋಹಕ್ಕೂ ಆಗುವುದಿಲ್ಲ. ಎರಕದ ಕಬ್ಬಿಣಕ್ಕೆ ಏನೂ ಬೇಡ, ಒಣದಾಗಿಯೇ ಕೊರೆಯಬಹುದು. ಅಲ್ಯೂಮಿನಿಯಮ್ಮಿಗೆ ಸೀಮೆಎಣ್ಣೆ. ಲೇತಿಗೆ ಹಾಲಿನಂತೆ ಬೆಳ್ಳಗಿರುವ ಕೂಲೆಂಟ್ ನೀರು. ಸ್ಟೇನ್‌ಲೆಸ್ ಸ್ಟೀಲಿಗೆ ಮಾತ್ರ ಹಳೆಯ ಬಿಸ್ಕತ್ತು ಡಬ್ಬಿಯಲ್ಲಿದ್ದ ಬಿಳಿ ಜಿಡ್ಡು. ಅದನ್ನು ಬೆರಳಲ್ಲಿ ತೆಗೆದು ಮೆತ್ತಿದರೆ ನೆಟ್ಟಗೆ ನಿಂತ ಪ್ಲೇಟಿನ ಮೇಲೂ ಅಂಟಿಕೊಂಡಿರುತ್ತದೆ, ಹರಿದುಹೋಗುವುದಿಲ್ಲ. ಸ್ಟೇನ್‌ಲೆಸ್ ಹಟಮಾರಿ ಲೋಹ. ನಾಲ್ಕು ಸೆಕೆಂಡು ಜಿಡ್ಡಿಲ್ಲದೆ ಉಜ್ಜಿತೋ, ಅಲ್ಲಿಯೇ ಗಾಜಿನಂತೆ ಗಟ್ಟಿಯಾಗುತ್ತದೆ. ಮತ್ತೆ ಡ್ರಿಲ್ಲಿನ ಮೊನೆ ಅದರೊಳಗೆ ಇಳಿಯುವುದಿಲ್ಲ. ಆ ಜಿಡ್ಡು ಏನೆಂದು ಚೇತನ್ ಕೆಲಸಕ್ಕೆ ಸೇರಿದ ವಾರವೇ ಕೇಳಿದ್ದ. ಕೇರಳದಿಂದ ಬರುವ ಗಟ್ಟಿ ತಾಳೆಎಣ್ಣೆ ಎಂದು ಸೋಮಯ್ಯ ಹೇಳಿದ್ದ.

ಚೇತನ್ ಶನಿವಾರಸಂತೆ ಕಡೆಯವನು, ಲಿಂಗಾಯತ. ದಿನಾ ಬೆಳಿಗ್ಗೆ ಬಾಡಿಗೆ ಮನೆಯ ಮೂಲೆಯಲ್ಲಿ ಕೂತು, ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿ, ಬೆಳ್ಳಿಯ ಕರಡಿಗೆಯೊಳಗೆ ಅದನ್ನು ಮುಚ್ಚಿ, ಕೊರಳಿಗೆ ಕಟ್ಟಿಕೊಂಡು ಕೆಲಸಕ್ಕೆ ಬರುತ್ತಿದ್ದ. ಲೇತಿನ ಮುಂದೆ ಕೊರಳಲ್ಲಿ ದಾರ ತೂಗಬಾರದೆಂದು ಕರಡಿಗೆಯನ್ನು ಬನಿಯನ್ನಿನೊಳಗೆ ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತಿದ್ದ. ಕಷ್ಟದ ಕೆಲಸವೆಂದರೆ ಮೊದಲು ಡಬ್ಬಿಗೆ ಬೆರಳದ್ದುವುದು, ಮೊನೆಗೆ ಹಚ್ಚುವುದು, ಆಮೇಲೆ ಶರ್ಟಿನ ಗುಂಡಿಗಳ ನಡುವೆ ಕೈ ಹಾಕಿ ಕರಡಿಗೆಯನ್ನು ಒಮ್ಮೆ ಮುಟ್ಟಿ ಸ್ವಿಚ್ಚು ಒತ್ತುವುದು. ಅವನ ಎಲ್ಲ ಶರ್ಟುಗಳಲ್ಲೂ ಎರಡನೇ ಗುಂಡಿಯ ಬಳಿ ಹೋಗದ ಕಲೆಯೊಂದಿತ್ತು. ಕರಡಿಗೆ ಮಾತ್ರ ಫಳಫಳ ಹೊಳೆಯುತ್ತಿತ್ತು.

ಡಿಸೆಂಬರಿನ ಆ ಬೆಳಿಗ್ಗೆ ಜಗಳ ಶುರುವಾದದ್ದು ಸ್ಟೇನ್‌ಲೆಸ್ ಬೋಲ್ಟುಗಳಿಂದ. ಸೋಮಯ್ಯನ ಮಗ ದಿಗಂತ್, ಇಪ್ಪತ್ತಾರರವನು, ಹಿಂದಿನ ವಾರ ಬಾಳೆಲೆಯ ಒಂದು ಎಸ್ಟೇಟಿಗೆ ಹೋಗಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ರಿಪೇರಿ ಮಾಡಿ ಬಂದಿದ್ದ. ತುಕ್ಕು ಹಿಡಿದ ಹಳೆಯ ಬೋಲ್ಟು ಎಸೆದು ಹೊಸ ಅಲೆನ್ ಬೋಲ್ಟು ಹಾಕಿದೆ, ಮಷಿನ್ ಮದುಮಗನ ಹಾಗೆ ಕಾಣುತ್ತದೆ ಎಂದು ಗಿರಾಕಿಗಳ ಮುಂದೆ ಫೋಟೊ ತೋರಿಸುತ್ತಿದ್ದ. ಗ್ರೀಸ್ ಹಚ್ಚಿದೆಯಾ ಎಂದು ಚೇತನ್ ಕೇಳಿದ. ಇಲ್ಲ, ಬೋಲ್ಟು ಬಿಗಿಯುವ ಗನ್ನಿನಲ್ಲಿ ಗರಗರ ತಿರುಗಿಸಿದೆ, ಎರಡು ನಿಮಿಷದ ಕೆಲಸ ಎಂದ ದಿಗಂತ್. ಸ್ಟೇನ್‌ಲೆಸ್ಸಿಗೆ ಸ್ಟೇನ್‌ಲೆಸ್ ಗ್ರೀಸಿಲ್ಲದೆ ಹಾಕಿದರೆ ಒಳಗೇ ಬೆಸೆದುಕೊಳ್ಳುತ್ತದೆ, ಮುಂದೆ ಆ ದೇವರು ಬಂದರೂ ಬಿಚ್ಚಲಾಗುವುದಿಲ್ಲ ಎಂದು ಚೇತನ್ ಹೇಳಿದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು.

"ನಿಮ್ಮಪ್ಪನಿಗೆ ಕಣ್ಣು ಹೋದ್ರೂ ಕಿವಿ ಇದೆ ಕಣಪ್ಪ. ನಿಂಗೆ ಎರಡೂ ಇದ್ದೂ ಏನೂ ಇಲ್ಲ."

ಗಿರಾಕಿಗಳು ನಕ್ಕರು. ಬಾಗಿಲಲ್ಲಿ ಕೂತಿದ್ದ ಸೋಮಯ್ಯನೂ ನಕ್ಕ. ಅಪ್ಪ ನಕ್ಕದ್ದೇ ದಿಗಂತನಿಗೆ ತಾಗಿರಬೇಕು. ಅವನು ಫೋನು ಜೇಬಿಗೆ ಹಾಕಿಕೊಂಡು ಡಬ್ಬಿ ಎತ್ತಿ, ಚೇತನ್‌ನ ಮೂಗಿನ ಹತ್ತಿರ ಹಿಡಿದ.

"ಇದು ಎಂತ ಗೊತ್ತುಂಟಾ ಚೇತಣ್ಣ? ನಮ್ಮ ಅವ್ವ ಹಂದಿ ಕರಗಿಸಿ ಕೊಡೋ ಕೊಬ್ಬು. ಹನ್ನೊಂದು ವರ್ಷದಿಂದ ನಿನ್ನ ಕರಡಿಗೆಗೆ ಪಾಲಿಶ್ ಹಾಕ್ತಿರೋದು ಇದೇ, ಮಾರಾಯ."

ಯಾರೂ ನಗಲಿಲ್ಲ. ಚೇತನ್ ಸೋಮಯ್ಯನ ಕಡೆ ನೋಡಿದ. ಇಲ್ಲ ಎಂದು ಒಂದು ಮಾತು ಬಂದಿದ್ದರೆ ಅವನು ನಂಬುತ್ತಿದ್ದ. ಸೋಮಯ್ಯ ಮುಖವನ್ನು ರಸ್ತೆಯ ಕಡೆ ತಿರುಗಿಸಿಕೊಂಡ.

ಆಮೇಲೆ ಚೇತನ್‌ನ ಮುಷ್ಟಿ ದಿಗಂತನ ಬಾಯಿಗೆ ಬಿತ್ತು. ಹಲ್ಲಿಗೆ ತಾಗಿ ಗೆಣ್ಣಿನ ಚರ್ಮ ಸುಲಿಯಿತು. ದಿಗಂತ್ ಹಿಂದಕ್ಕೆ ಬಿದ್ದು, ಎದ್ದು, ಕೈಗೆ ಸಿಕ್ಕ ಅರ್ಧ ಇಂಚಿನ ಸರಳಿನಿಂದ ಚೇತನ್‌ನ ಪಕ್ಕೆಗೆ ಬೀಸಿದ. ಚೇತನ್ ಅವನ ಕುತ್ತಿಗೆ ಹಿಡಿದು ಗ್ರೈಂಡರಿನ ಕಲ್ಲಿನತ್ತ ನೂಕಿದ. ಕಲ್ಲು ತಿರುಗುತ್ತಿತ್ತು. ದಿಗಂತನ ಕೆನ್ನೆಗೂ ಕಲ್ಲಿಗೂ ನಡುವೆ ಒಂದು ಗೇಣು ಉಳಿದಾಗ ಗಿರಾಕಿಗಳಲ್ಲಿ ಇಬ್ಬರು ಚೇತನ್‌ನ ತೋಳು ಹಿಡಿದು ಎಳೆದರು. ಸೋಮಯ್ಯ ಗೋಡೆ ಸವರುತ್ತ ಬಂದು ಮೇನ್ ಸ್ವಿಚ್ಚು ಕೆಳಗೆ ಎಳೆದ. ಇಡೀ ವರ್ಕ್‌ಶಾಪು ನಿಶ್ಶಬ್ದವಾಯಿತು. ಕಲ್ಲು ಮಾತ್ರ ತನ್ನ ವೇಗದಲ್ಲೇ ಇನ್ನೂ ಸ್ವಲ್ಪ ಹೊತ್ತು ತಿರುಗಿತು.

ಚೇತನ್ ಡಬ್ಬಿಯನ್ನು ರಸ್ತೆಬದಿಯ ಚರಂಡಿಗೆ ಎಸೆದ. ನಲ್ಲಿಯ ಕೆಳಗೆ ಸೋಪು, ಮರದ ಹೊಟ್ಟು ಹಾಕಿ ಕೈ ತಿಕ್ಕಿದ. ಕರಡಿಗೆಯನ್ನು ಹೊರಗೆ ತೆಗೆದವನು ಅದನ್ನು ತೊಳೆಯಲು ಈ ಕೈ ತಾಗಿಸಬಹುದೇ ಎಂದು ಗೊತ್ತಾಗದೆ ಹಾಗೆಯೇ ನಿಂತ. ಪಕ್ಕೆ ಉಸಿರೆಳೆದಾಗಲೆಲ್ಲ ಚುಚ್ಚುತ್ತಿತ್ತು.

ಅಷ್ಟರಲ್ಲಿ ಬಾಳೆಲೆಯ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ತೀರ್ಥಪ್ರಸಾದ್ ಫೋನ್ ಮಾಡಿದ. ಪಲ್ಪರ್ ನಿಂತುಹೋಗಿದೆ, ನಿನ್ನೆಯ ಪಿಕಿಂಗಿನ ಹಣ್ಣು ರಾಶಿ ಬಿದ್ದಿದೆ, ಯಾರಾದರೂ ಬನ್ನಿ. ದಿಗಂತ್ ರಕ್ತ ಉಗುಳಿ ಜೀಪು ಹತ್ತಿ ಒಬ್ಬನೇ ಹೋದ. ಯಾರೂ ತಡೆಯಲಿಲ್ಲ.

ಎರಡನೇ ಫೋನು ಬಂದದ್ದು ಒಂದೂವರೆ ಗಂಟೆಯ ನಂತರ. ಅದನ್ನು ಸೋಮಯ್ಯ ತೆಗೆದ. ಕೇಳುತ್ತ ಕೇಳುತ್ತ ಅವನ ಕೈ ಕುರ್ಚಿಯ ತೋಳನ್ನು ಹುಡುಕಿತು. ದಿಗಂತ್ ಬೆಲ್ಟು ಕಳಚದೆ ಪಲ್ಪರಿನ ಬಾಯೊಳಗೆ ಕೈ ಹಾಕಿ ಸಿಕ್ಕಿಕೊಂಡ ಕಲ್ಲನ್ನು ತೆಗೆಯುತ್ತಿದ್ದನಂತೆ. ಕಲ್ಲು ಸಡಿಲಾದ ಕೂಡಲೇ ರೋಲರ್ ಅರ್ಧ ಸುತ್ತು ತಿರುಗಿ, ಬಲಗೈಯನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು, ಉಕ್ಕಿನ ಪ್ಲೇಟಿಗೆ ಒತ್ತಿ ನಿಂತಿತ್ತು. ಹಿಂದಕ್ಕೆ ತಿರುಗಿಸಲು ನೋಡಿದರು, ರೋಲರಿನ ಹಲ್ಲು ಮಾಂಸವನ್ನೇ ಕಿತ್ತುಕೊಂಡು ಬಂತು. ಕೈ ಹೊರಗೆ ಬರಬೇಕಾದರೆ ಪ್ಲೇಟು ಬಿಚ್ಚಬೇಕು. ಪ್ಲೇಟು ಬಿಚ್ಚಬೇಕಾದರೆ ನಾಲ್ಕು ಬೋಲ್ಟು ಬರಬೇಕು. ಬೋಲ್ಟುಗಳು ಒಳಗೇ ಬೆಸೆದುಕೊಂಡಿದ್ದವು. ಅಲೆನ್ ಕೀ ಹಾಕಿ ತಿರುಗಿಸಿ ತಿರುಗಿಸಿ ಅವುಗಳ ತಲೆಯ ಆರುಮೂಲೆಯ ಕುಳಿ ಈಗ ಗುಂಡಗಾಗಿತ್ತು. ಗ್ಯಾಸ್ ಹಾಕಿ ಕತ್ತರಿಸಿದರೆ ಕೈ ಬೇಯುತ್ತದೆ. ಅಗ್ನಿಶಾಮಕದವರು ಬರಲು ಎರಡು ಗಂಟೆ. ಅಷ್ಟು ಹೊತ್ತು ರಕ್ತ ನಿಂತರೆ ಕೈ ಇರುವುದಿಲ್ಲ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು.

ಸೋಮಯ್ಯ ಫೋನು ಕೆಳಗಿಟ್ಟು ಚೇತನ್ ನಿಂತಿದ್ದ ಕಡೆಗೆ ಮುಖ ಮಾಡಿದ.

"ಬೋಲ್ಟಿನ ತಲೆ ಡ್ರಿಲ್ ಹಾಕಿ ಹಾರಿಸ್ಬೇಕು. ನಂಗೆ ಕಣ್ಣಿಲ್ಲ ಚೇತನಾ."

ಚೇತನ್ ಚೀಲ ತೆಗೆದ. ಡ್ರಿಲ್ ಮಷಿನ್, ಹೊಸ ಮೊನೆಗಳು ಮೂರು, ಉಳಿ, ಸುತ್ತಿಗೆ ಚೀಲಕ್ಕೆ ಹಾಕಿದ. ಆಮೇಲೆ ಅವನ ಕೈ ಡಬ್ಬಿ ಇರುತ್ತಿದ್ದ ಗೂಡಿನ ಕಡೆಗೆ ಹೋಗಿ ನಿಂತಿತು. ಗೂಡು ಖಾಲಿ. ಗ್ರೀಸು ಇತ್ತು, ಅದು ಮೊನೆಯ ಬಿಸಿಗೆ ಸುಟ್ಟುಹೋಗುತ್ತದೆ. ಸೀಮೆಎಣ್ಣೆ ಇತ್ತು, ಎಂಜಿನ್ ಆಯಿಲ್ ಇತ್ತು. ನೆಟ್ಟಗೆ ನಿಂತ ಪ್ಲೇಟಿನಿಂದ ಎರಡೂ ಹರಿದುಹೋಗುತ್ತವೆ ಎಂಬುದು ಅವನಿಗೂ ಗೊತ್ತಿತ್ತು, ಬಾಗಿಲಲ್ಲಿ ನಿಂತು ಆ ಮೌನವನ್ನು ಕೇಳುತ್ತಿದ್ದ ಸೋಮಯ್ಯನಿಗೂ ಗೊತ್ತಿತ್ತು.

ಮನೆ ವರ್ಕ್‌ಶಾಪಿನ ಹಿಂದೆಯೇ. ಸೋಮಯ್ಯನ ಹೆಂಡತಿ ಯಮುನ ಅಡುಗೆಮನೆಯಿಂದ ಒಂದು ಜಾಡಿ ತಂದಳು. ಹನ್ನೊಂದು ವರ್ಷ ಚೇತನ್‌ಗೆ ಮಧ್ಯಾಹ್ನದ ಊಟ ಬಡಿಸಿದವಳು ಅವಳು. ಅವನ ತಟ್ಟೆ ಬೇರೆ, ಲೋಟ ಬೇರೆ, ಅವನ ಸಾರಿನ ಪಾತ್ರೆಗೆ ಬೇರೆ ಸೌಟು ಇಟ್ಟಿದ್ದವಳು. ಡಬ್ಬಿ ಮುಗಿದಾಗಲೆಲ್ಲ ತುಂಬಿ ಕಳಿಸುತ್ತಿದ್ದವಳೂ ಅವಳೇ. ಅವಳು ಜಾಡಿಯನ್ನು ಸೆರಗಲ್ಲಿ ಹಿಡಿದು, ಕೊಡಲೋ ಬೇಡವೋ ಎಂದು ಚೇತನ್‌ನ ಮುಂದೆ ನಿಂತಳು. ಚೇತನ್ ಅವಳ ಕೈಯಿಂದ ಅದನ್ನು ಕಿತ್ತುಕೊಂಡು, ಪಕ್ಕದಂಗಡಿಯವನ ಜೀಪಿಗೆ ಸೋಮಯ್ಯನನ್ನು ಹತ್ತಿಸಿ ತಾನೂ ಹತ್ತಿದ. ದಾರಿಯುದ್ದಕ್ಕೂ ಜಾಡಿ ಅವನ ತೊಡೆಯ ನಡುವೆ ಇತ್ತು.

ಪಲ್ಪರ್ ಮನೆಯಲ್ಲಿ ಹುಳಿ ಬಂದ ಕಾಫಿ ಸಿಪ್ಪೆಯ ವಾಸನೆ ಗವ್ವೆನ್ನುತ್ತಿತ್ತು. ನೆಲದ ಮೇಲೆ ಕೆಂಪು ನೀರು. ಅದರಲ್ಲಿ ಹಣ್ಣಿನದೆಷ್ಟು ದಿಗಂತನದೆಷ್ಟು ಎಂದು ಹೇಳಲಾಗುತ್ತಿರಲಿಲ್ಲ. ದಿಗಂತ್ ಮಷಿನನ್ನು ತಬ್ಬಿಕೊಂಡವನಂತೆ ಬಗ್ಗಿ ನಿಂತಿದ್ದ. ಬೀಳದಂತೆ ತೀರ್ಥಪ್ರಸಾದ್ ಅವನನ್ನು ಸೊಂಟದಲ್ಲಿ ಹಿಡಿದಿದ್ದ. ಬೆಳಿಗ್ಗೆ ಸೀಳಿದ ತುಟಿ ಈಗ ಊದಿ ಒಂದು ಬದಿಗೆ ಜೋತುಬಿದ್ದಿತ್ತು. ಪ್ಲೇಟಿನ ಸಂದಿಯಲ್ಲಿ ಬೆರಳುಗಳ ಬುಡ ಕಾಣುತ್ತಿತ್ತು, ಬದನೆಕಾಯಿಯ ಬಣ್ಣ.

"ಅಪ್ಪ, ಕೈ ಹೋತ್" ಎಂದ ಅವನು ತಮ್ಮ ಮನೆಮಾತಾದ ಅರೆಭಾಷೆಯಲ್ಲಿ.

ಸೋಮಯ್ಯ ಮಗನ ಭುಜ ಹುಡುಕಿ ಹಿಡಿದುಕೊಂಡ. ಕೈಯಲ್ಲಿ ಇನ್ನೂ ಜೀವ ಇದೆಯಾ ಎಂದು ಚೇತನ್ ಕೇಳಿದ. ನೋವು ಇದೆ ಎಂದ ದಿಗಂತ್. ನೋವಿದ್ದರೆ ಜೀವ ಇದೆ.

ಚೇತನ್ ಜಾಡಿಯ ಮುಚ್ಚಳ ತೆಗೆದ. ಬಿಳಿ, ತಣ್ಣಗೆ, ನಡುವೆ ಒಂದು ಕರಿಮೆಣಸಿನ ಕಾಳು. ಬಲಗೈಯ ಎರಡು ಬೆರಳು ಅದ್ದಿ ಎತ್ತಿದ. ಅಭ್ಯಾಸದಿಂದ ಕೈ ಎದೆಯ ಕಡೆಗೆ ಏರಿತು. ನಡುವೆಯೇ ಅದನ್ನು ಇಳಿಸಿ, ಮೊದಲ ಬೋಲ್ಟಿನ ಕುಳಿಗೆ ಕೊಬ್ಬು ಮೆತ್ತಿದ.

ನಿಧಾನಕ್ಕೆ, ಜೋರಾಗಿ ಒತ್ತಿ. ಡ್ರಿಲ್ ಗೊರ್ ಎಂದು ಇಳಿಯಿತು. ಬೋಲ್ಟಿನಿಂದ ಹೊಳೆಯುವ ಸುರುಳಿಯೊಂದು ಬಳ್ಳಿಯಂತೆ ಹೊರಬಂದು, ಉದ್ದವಾಗಿ, ಅವನ ಮಣಿಕಟ್ಟಿಗೆ ಸುತ್ತಿಕೊಂಡು ಚರ್ಮ ಗೀರಿತು. ಪ್ರತಿ ನಾಲ್ಕು ಉಸಿರಿಗೊಮ್ಮೆ ಕೊಬ್ಬು. ಅದು ಕರಗಿ ಪ್ಲೇಟಿನ ಮೇಲೆ ಇಳಿಯುವಾಗ ಅಡುಗೆಮನೆಯ ವಾಸನೆ ಬಂತು. ಪ್ಲೇಟು ಬಿಸಿಯಾಗಲಿಲ್ಲ. ಮೊದಲ ಬೋಲ್ಟಿನ ತಲೆ ಟಪ್ಪನೆ ಉದುರಿತು. ಎರಡನೆಯದು ಇನ್ನೂ ಬೇಗ. ಸೋಮಯ್ಯ ಕಣ್ಣು ಮುಚ್ಚಿಕೊಂಡು ತಲೆ ಆಡಿಸುತ್ತಿದ್ದ. ಕೆಲಸ ಸರಿಯಾಗಿ ನಡೆದಾಗ ಕುರ್ಚಿಯಲ್ಲಿ ಕೂತು ಹಾಗೆಯೇ ಆಡಿಸುತ್ತಿದ್ದ.

ಮೂರನೆಯ ಬೋಲ್ಟು ಕೈಗೆ ಅತಿ ಹತ್ತಿರದ್ದು. ಅದಕ್ಕೆ ಮೊನೆ ಹಚ್ಚಬೇಕಾದರೆ ಚೇತನ್ ತನ್ನ ಮುಖವನ್ನು ದಿಗಂತನ ಮುಖದ ಪಕ್ಕಕ್ಕೇ ತರಬೇಕಾಯಿತು. ದಿಗಂತನ ಬಾಯಿಂದ ರಕ್ತದ, ವಾಂತಿಯ ವಾಸನೆ. ಅವನ ಕಣ್ಣು ಜಾಡಿಯ ಮೇಲಿತ್ತು. ನೋವಿನಲ್ಲಿ ಮನುಷ್ಯ ಏನೇನೋ ಆಡುತ್ತಾನೆ. ಅವನು ನಗಲು ಶುರುಮಾಡಿದ. ಊದಿದ ತುಟಿಯಿಂದ ಆ ನಗು ಕೆಮ್ಮಿನಂತೆ ಬಂತು.

"ನೋಡಿದ್ಯಾ ಚೇತಣ್ಣ. ಕಡೆಗೂ ಇದೇ ಬೇಕಾಯ್ತಲ್ಲ ನಿಂಗೆ."

ಡ್ರಿಲ್ ಅರ್ಧ ಇಳಿದಿತ್ತು. ಕೊಬ್ಬು ಕೊಡುವ ಹೊತ್ತು. ಚೇತನ್‌ನ ಎಡಗೈ ಜಾಡಿಯ ಅಂಚಿನ ಮೇಲಿತ್ತು. ಅದು ಅಲ್ಲಿಯೇ ಇತ್ತು.

ಗೊರಕೆ ತೆಳುವಾಯಿತು. ಒಂದು. ದನಿ ಮೇಲೇರಿತು. ಎರಡು. ಹೊಗೆ. ಮೂರು ಎನ್ನುವಾಗ ಲೋಹ ಕಿರುಚತೊಡಗಿತು, ಪಲ್ಪರ್ ಮನೆಯ ತಗಡು ಚಾವಣಿ ಆ ದನಿಗೆ ನಡುಗಿತು. ಹೊರಗೆ ನಿಂತಿದ್ದ ಪಿಕಿಂಗಿನ ಹೆಂಗಸರು ಕಿವಿ ಮುಚ್ಚಿಕೊಂಡರು. ನಾಲ್ಕು. ದಿಗಂತ್ ಬೆನ್ನು ಬಿಲ್ಲಿನಂತೆ ಮಾಡಿ ಕೂಗಿದ. ಅವನ ಕೈ ತಾಗಿದ್ದ ಕಡೆ ಪ್ಲೇಟು ಕಾದಿತ್ತು. ಐದು. ಚೇತನ್‌ಗೆ ಎಲ್ಲವೂ ಸ್ಪಷ್ಟವಾಗಿ ಗೊತ್ತಿತ್ತು, ಆ ಐದು ಸೆಕೆಂಡಿನಷ್ಟು ಸ್ಪಷ್ಟವಾಗಿ ಅವನಿಗೆ ಜೀವನದಲ್ಲಿ ಯಾವುದೂ ಗೊತ್ತಿರಲಿಲ್ಲ. ಈ ಕಿರುಚುವಿಕೆ ಚೆನ್ನಾಗಿದೆ ಎನ್ನಿಸಿತು. ಇನ್ನೂ ಸ್ವಲ್ಪ ಎನ್ನಿಸಿತು.

ಸೋಮಯ್ಯನ ಕೈ ಮಗನ ಭುಜದಿಂದ ಮೇಲೆದ್ದು ಗಾಳಿಯಲ್ಲಿ ನಿಂತಿತ್ತು.

ಚೇತನ್ ಸ್ವಿಚ್ಚು ಬಿಟ್ಟ. ಹಿಡಿ ಕೊಬ್ಬು ತೆಗೆದು ಮೆತ್ತಿದ, ಮತ್ತೆ ಒತ್ತಿದ. ಮೊನೆ ಜಾರಿತು. ಕುಳಿಯ ತಳ ಕನ್ನಡಿಯಂತೆ ನೀಲಿಯಾಗಿ ಹೊಳೆಯುತ್ತಿತ್ತು. ಹೊಸ ಮೊನೆ ಹಾಕಿದ. ಅದರ ಬಾಯಿ ಮಡಚಿತು. ಕೊನೆಯದನ್ನು ಹಾಕಿದವನು ನಿಲ್ಲಿಸಿ, ಅದನ್ನು ನಾಲ್ಕನೆಯ ಬೋಲ್ಟಿಗೆ ಉಳಿಸಿಕೊಂಡ. ನಾಲ್ಕನೆಯದು ಬೆಣ್ಣೆಯಂತೆ ಕೊರೆಯಿತು, ಸುರುಳಿ ಬಿಟ್ಟಿತು, ತಲೆ ಉದುರಿತು. ಪ್ಲೇಟು ಚೌಕಟ್ಟಿನ ಕಚ್ಚಿನೊಳಗೆ ಕೂತಿತ್ತು, ಪಕ್ಕಕ್ಕೆ ತಿರುಗುವಂತಿರಲಿಲ್ಲ. ಮೂರನೆಯದೊಂದೇ ಅದನ್ನು ದಿಗಂತನ ಕೈಗೆ ಒತ್ತಿ ಹಿಡಿದಿತ್ತು.

ಇನ್ನು ಉಳಿದದ್ದು ಉಳಿ ಮತ್ತು ಸುತ್ತಿಗೆ.

ಚೇತನ್ ಶರ್ಟು ಬಿಚ್ಚಿ ಉಂಡೆ ಮಾಡಿ ದಿಗಂತನ ಬಾಯಿಗೆ ತುರುಕಿದ. ಎರಡನೇ ಗುಂಡಿಯ ಬಳಿಯ ಕಲೆ ಹೊರಗೇ ಉಳಿಯಿತು. ಉಳಿಯ ಅಂಚನ್ನು ಬೋಲ್ಟಿನ ತಲೆಯ ಕೆಳಗೆ ಇಟ್ಟು ಹೊಡೆದ. ಹೊಡೆತ ಪ್ಲೇಟಿಗೆ ಹೋಯಿತು, ಪ್ಲೇಟಿನಿಂದ ಎಲುಬಿಗೆ ಹೋಯಿತು. ಎಲುಬು ಮುರಿಯುವ ಸದ್ದು ಲೋಹದ ಸದ್ದಿಗಿಂತ ಚಿಕ್ಕದು, ಒಣಗಿದ ಕಾಫಿ ರೆಂಬೆಯನ್ನು ಮುರಿದಂತೆ. ನಾಲ್ಕನೇ ಹೊಡೆತಕ್ಕೆ ತೀರ್ಥಪ್ರಸಾದ್ ತಲೆ ತಿರುಗಿ ಕೆಳಗೆ ಕೂತ. ದಿಗಂತನ ಪೂರ್ತಿ ಭಾರ ಸೋಮಯ್ಯನ ಮೇಲೆ ಬಿತ್ತು. ಒಂಬತ್ತನೇ ಹೊಡೆತಕ್ಕೆ ದಿಗಂತನ ಕೂಗು ನಿಂತಿತು. ಹನ್ನೊಂದನೆಯದಕ್ಕೆ ತಲೆ ಹಾರಿ ಗೋಡೆಗೆ ಬಡಿಯಿತು. ಪ್ಲೇಟು ಬಿತ್ತು.

ಕೈ ಹೊರಗೆ ಬಂತು. ನಡುಬೆರಳು, ಉಂಗುರದ ಬೆರಳು ಬರಲಿಲ್ಲ. ಅವು ಪ್ಲೇಟಿನ ಅಂಚಿಗೆ ಸಿಕ್ಕಿ ಅಲ್ಲೇ ಉಳಿದಿದ್ದವು.

ಆಂಬುಲೆನ್ಸ್ ಅಷ್ಟರಲ್ಲಿ ಅಂಗಳಕ್ಕೆ ಬಂದಿತ್ತು. ಅವರು ಬೆರಳುಗಳನ್ನು ನೋಡಿದರು. ಇವು ಜಜ್ಜಿಹೋಗಿವೆ, ಮತ್ತೆ ಕೂಡಿಸಲು ಬರುವುದಿಲ್ಲ ಎಂದರು. ಇಡೀ ಕೈಯೇ ಹೋಗಬೇಕಿತ್ತು, ನೀವು ಉಳಿಸಿದಿರಿ ಎಂದು ಚೇತನ್‌ಗೆ ಹೇಳಿದರು. ಪಿಕಿಂಗಿನ ಹೆಂಗಸೊಬ್ಬಳು ಚೊಂಬಿನಲ್ಲಿ ನೀರು ತಂದು ಅವನಿಗೆ ಕೊಟ್ಟಳು. ತೀರ್ಥಪ್ರಸಾದ್ ಅವನ ಕೈ ಹಿಡಿದುಕೊಂಡು ಅತ್ತ. ಚೇತನ್ ನೀರು ಕುಡಿಯಲಿಲ್ಲ, ಚೊಂಬನ್ನು ಹಿಡಿದುಕೊಂಡೇ ನಿಂತಿದ್ದ. ಆಂಬುಲೆನ್ಸಿನಲ್ಲಿ ತೀರ್ಥಪ್ರಸಾದ್ ಹತ್ತಿದ. ನಾವು ದಿಗಂತನ ಜೀಪಿನಲ್ಲಿ ಹಿಂದೆಯೇ ಬರುತ್ತೇವೆ ಎಂದು ಸೋಮಯ್ಯ ಹೇಳಿದ.

ಎಲ್ಲರೂ ಹೋದ ಮೇಲೆ ಸೋಮಯ್ಯ ಮಷಿನಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಕೆಂಪು ನೀರಿನಲ್ಲಿ ಎರಡೂ ಕೈ ಆಡಿಸಿದ. ಮೊದಲು ಚೇತನ್‌ಗೆ ಅವನು ಬೆರಳುಗಳನ್ನು ಹುಡುಕುತ್ತಿದ್ದಾನೆ ಅನ್ನಿಸಿತು. ಅಲ್ಲ. ಅವನು ಸುರುಳಿಗಳನ್ನು ಹೆಕ್ಕುತ್ತಿದ್ದ. ಒಂದು ಸಿಕ್ಕಿತು, ಉದ್ದವಾದದ್ದು. ಎರಡು. ಮೂರು. ಆಮೇಲೆ ಮೂರನೇ ಬೋಲ್ಟಿನ ನೇರ ಕೆಳಗಿದ್ದ ಕಟ್ಟೆಯನ್ನು ಸವರಿದ. ಬೆರಳ ತುದಿಗೆ ಬಂದದ್ದು ಕಪ್ಪು ಪುಡಿ. ಹೆಬ್ಬೆಟ್ಟಿನಲ್ಲಿ ಅದನ್ನು ಉಜ್ಜಿ ನೋಡಿದ.

"ಎಷ್ಟು ಹೊತ್ತು?"

"ಐದು ಸೆಕೆಂಡು."

"ಬೇಕು ಅಂತಲೇ?"

ಸುಳ್ಳು ಹೇಳಬಹುದಿತ್ತು. ಜಾಡಿ ಜಾರಿತು ಎನ್ನಬಹುದಿತ್ತು. ಬೋಲ್ಟು ಕೆಟ್ಟದಿತ್ತು ಎಂದರೆ ಊರೆಲ್ಲ ಒಪ್ಪುತ್ತಿತ್ತು, ಗ್ರೀಸಿಲ್ಲದೆ ಹಾಕಿದವನು ದಿಗಂತನೇ ಎಂದು ಸಾಕ್ಷಿ ಹೇಳುತ್ತಿತ್ತು. ಎದುರಿಗೆ ಕೂತವನು ಹನ್ನೊಂದು ವರ್ಷ ದಿನಕ್ಕೊಂದು ಸುಳ್ಳನ್ನು ಚೇತನ್‌ನ ಎದೆಗೆ ಹಚ್ಚಿಸಿದವನು.

"ಹೌದು."

ಸೋಮಯ್ಯ ಎದ್ದು ನಿಂತ. ಕೈ ಚಾಚಿ ಚೇತನ್‌ನ ಬನಿಯನ್ನಿನ ಮೇಲೆ ಎದೆ ಮುಟ್ಟಿದ, ಅಲ್ಲಿ ಕರಡಿಗೆ ಸಿಕ್ಕಿತು, ಕೈಯನ್ನು ತಕ್ಷಣ ಹಿಂದಕ್ಕೆಳೆದುಕೊಂಡ. ಆಮೇಲೆ ಎಡಗೈ ಹುಡುಕಿದ. ಚೊಂಬು ತೆಗೆದು ಕೆಳಗಿಟ್ಟ. ಅಂಗೈ ಅಗಲಿಸಿ ಅದರಲ್ಲಿ ಮೂರು ಸುರುಳಿಗಳನ್ನೂ ಇಟ್ಟ, ಬೆರಳುಗಳನ್ನು ಒಂದೊಂದಾಗಿ ಮಡಚಿದ, ತನ್ನ ಎರಡೂ ಕೈಯಿಂದ ಆ ಮುಷ್ಟಿಯನ್ನು ಹಿಡಿದು ಹಿಂಡಿದ. ಅರವತ್ತೆರಡು ವರ್ಷದ ಕೈಗಳು. ನಲವತ್ತು ವರ್ಷ ಸ್ಪ್ಯಾನರ್ ತಿರುಗಿಸಿದ ಕೈಗಳು. ಸ್ಟೇನ್‌ಲೆಸ್ ಸುರುಳಿಯ ಅಂಚು ಬ್ಲೇಡಿಗಿಂತ ಹರಿತ. ಮೊದಲು ತಣ್ಣಗನ್ನಿಸಿತು, ಆಮೇಲೆ ಬೆರಳ ಸಂದಿಯಿಂದ ರಕ್ತ ಇಳಿಯಿತು, ಮೊಣಕೈವರೆಗೆ ಇಳಿಯಿತು. ಚೇತನ್ ಕೈ ಎಳೆದುಕೊಳ್ಳಲಿಲ್ಲ. ಸೋಮಯ್ಯನ ಕಣ್ಣುಗಳಿಂದ ನೀರು ಸುರಿಯುತ್ತಿತ್ತು, ಮುಖ ಮಾತ್ರ ಕಲ್ಲಿನಂತಿತ್ತು. ಹಿಂಡುತ್ತಲೇ ಇದ್ದ. ಏನೋ ಚಕ್ಕೆಂದಿತು, ಲೋಹವೋ ನರವೋ.

"ನಾನು ಹೇಳಲ್ಲ" ಎಂದ ಸೋಮಯ್ಯ, ಕೊನೆಗೆ ಕೈ ಬಿಟ್ಟು. "ಯಮುನಂಗೂ ಹೇಳಲ್ಲ. ದಿಗಂತಂಗೆ ನೀನೇ ಹೇಳು. ಅವ ನಿಂಗೆ ಹೇಳಿದ ಹಾಗೆ. ಎಲ್ರ ಮುಂದೆ."

ಇವತ್ತೇನಾ ಎಂದು ಚೇತನ್ ಕೇಳಿದ. ಎಚ್ಚರ ಬಂದ ಕೂಡಲೇ ಎಂದ ಸೋಮಯ್ಯ.

ಜೀಪಿನ ಸೀಟಿನ ಮೇಲೆ ದಿಗಂತನ ಫೋನು ಬಿದ್ದಿತ್ತು. ಹೊಸ ಬೋಲ್ಟುಗಳ ಫೋಟೊ ಇನ್ನೂ ತೆರೆದಿತ್ತು, ಒಡೆದ ಗಾಜಿನ ಹಿಂದೆ ನಾಲ್ಕು ಹೊಳೆಯುವ ತಲೆಗಳು. ಚೇತನ್ ಸೋಮಯ್ಯನನ್ನು ಹತ್ತಿಸಿ ಬಾಗಿಲು ಹಾಕಿದ. ಈಚೆ ಬಂದು ಕೂತ. ಎಡಗೈ ತೆರೆಯಲು ಆಗಲಿಲ್ಲ, ಮುಷ್ಟಿಯಿಂದಲೇ ಗೇರನ್ನು ಒತ್ತಿ ಹಾಕಿದ. ಪ್ರತಿ ಗೇರಿಗೂ ಸುರುಳಿಗಳು ಒಳಗೆ ಇನ್ನಷ್ಟು ಇಳಿದವು. ಎಸ್ಟೇಟಿನ ಗೇಟು ದಾಟಿ ಡಾಂಬರು ರಸ್ತೆ ಸಿಕ್ಕಿದ ಮೇಲೆ ಸೋಮಯ್ಯ ಒಂದು ಮಾತು ಹೇಳಿದ. ಎಂಜಿನ್ ಒದ್ದಾಡುತ್ತಿದೆ, ಗೇರು ಇಳಿಸು ಎಂದ. ಚೇತನ್ ಇಳಿಸಿದ.